ವಿಂಡೋಸ್ 11 ಪಕ್ಕದಲ್ಲೇ ಲಿನಕ್ಸ್ ಮಿಂಟ್: ಡ್ಯುಯಲ್ ಬೂಟ್ ಮಾಡುವ ಸಮಗ್ರ ಮಾರ್ಗದರ್ಶಿ

ನನ್ನ ಅಕ್ಕನ ಮಗ ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಒಂದು ದಿನ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. “ಮಾಮ, ಲ್ಯಾಪ್‌ಟಾಪ್ ಆನ್ ಮಾಡಿದ್ರೆ ನೀಲಿ ಪರದೆ ಬಂದು ಏನೋ 48 ಅಂಕಿ ಕೇಳ್ತಿದೆ. ನಾಳೆ ಬೆಳಿಗ್ಗೆ ಲ್ಯಾಬ್ ಬೇರೆ ಇದೆ.” ಏನು ಮಾಡಿದೆಯೋ ಅಂತ ಕೇಳಿದೆ. ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಹಾಕಿಕೊಳ್ಳೋಣ ಅಂತ ಯಾವುದೋ ವಿಡಿಯೊ ನೋಡಿ, ಬಯೋಸ್‌ಗೆ (ವಿಂಡೋಸ್ ಏಳುವ ಮುಂಚಿನ ಸೆಟ್ಟಿಂಗ್ಸ್ ಪರದೆ) ಹೋಗಿ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ತಂತ್ರಾಂಶ ಮಾತ್ರ ಬೂಟ್ ಆಗಲು ಬಿಡುವ ಕಾವಲು) ಆಫ್ ಮಾಡಿದ್ದ. ಅಷ್ಟೇ. ಪೆನ್‌ಡ್ರೈವ್ ಇನ್ನೂ ಜೇಬಿನಲ್ಲೇ ಇತ್ತು.

ಆ 48 ಅಂಕಿ ಬಿಟ್‌ಲಾಕರ್ ರಿಕವರಿ ಕೀ, ಅಂದರೆ ವಿಂಡೋಸ್ ಡಿಸ್ಕ್‌ಗೆ ಹಾಕಿರುವ ಗೂಢಲಿಪಿ (ಎನ್‌ಕ್ರಿಪ್ಶನ್) ಬೀಗ ತೆಗೆಯುವ ಕೀಲಿ. ಅದು ಇದ್ದದ್ದು ಲ್ಯಾಪ್‌ಟಾಪ್ ಕೊಂಡ ಅಂಗಡಿಯ ಹುಡುಗನ ಅಕೌಂಟಿನಲ್ಲಿ! ಮೊದಲ ದಿನ “ಸೆಟಪ್ ಮಾಡಿಕೊಡ್ತೀನಿ” ಅಂತ ಅವನು ತನ್ನದೇ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಲಾಗಿನ್ ಮಾಡಿದ್ದ. ಮರುದಿನ ಅಂಗಡಿ ಬಾಗಿಲು ತೆಗೆಯುವವರೆಗೆ ಕಾದು ಕೀ ಇಸಕೊಂಡೆವು. ಸೆಕ್ಯೂರ್ ಬೂಟನ್ನು ಮತ್ತೆ ಆನ್ ಮಾಡಿ ನೋಡು ಅಂತ ಆ ರಾತ್ರಿಯೇ ಹೇಳಿದ್ದರೆ ಬಹುಶಃ ಕೀ ಇಲ್ಲದೆಯೇ ಬೂಟ್ ಆಗಿಬಿಡುತ್ತಿತ್ತು. ನನಗೂ ಆಗ ಹೊಳೆಯಲಿಲ್ಲ.

ಡ್ಯುಯಲ್ ಬೂಟ್ ಅಂದರೆ ಒಂದೇ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ ಇಟ್ಟುಕೊಂಡು, ಆನ್ ಮಾಡುವಾಗ ಬೇಕಾದ್ದನ್ನು ಆರಿಸಿಕೊಳ್ಳುವುದು. ಹಾಗೆ ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಹಾಕುವುದು ಅರ್ಧ ಗಂಟೆಯ ಕೆಲಸ. ತೊಂದರೆ ಬರುವುದು ಹೆಚ್ಚಾಗಿ ಅದಕ್ಕೂ ಮುಂಚೆ, ವಿಂಡೋಸ್ ಕಡೆಯಿಂದ. ಅದಕ್ಕೇ ಈ ಬರಹದಲ್ಲಿ ಅರ್ಧದಷ್ಟು ಬರೀ ತಯಾರಿಯೇ ಇದೆ. ಅದನ್ನು ಹಾರಿಸಿ ಕೆಳಗೆ ಓಡಬೇಡಿ.

ಮೊದಲು, ಬೇಕೇ ಬೇಕಾ?

ಲಿನಕ್ಸ್ ಕಮಾಂಡ್ ಕಲಿಯುವುದಷ್ಟೇ ಉದ್ದೇಶವಾದರೆ ಡ್ಯುಯಲ್ ಬೂಟ್ ಬೇಡ. ವಿಂಡೋಸ್ ಒಳಗೇ ಓಡುವ ಡಬ್ಲ್ಯುಎಸ್‌ಎಲ್ ಸಾಕು. ಸುಮ್ನೆ ಹೇಗಿದೆ ಅಂತ ನೋಡುವ ಆಸೆಯಾದರೆ, ವಿಂಡೋಸ್ ಒಳಗೇ ಒಂದು ನಕಲಿ ಕಂಪ್ಯೂಟರ್ ತೆರೆಯುವ ವರ್ಚುವಲ್‌ಬಾಕ್ಸ್ ಇದೆ. ದಿನವಿಡೀ ಲಿನಕ್ಸ್‌ನಲ್ಲೇ ಕೆಲಸ ಮಾಡಬೇಕು, ಆದರೆ ವಿಂಡೋಸ್ ಪೂರ್ತಿ ಬಿಡೋಕೆ ಆಗಲ್ಲ ಅನ್ನುವವರಿಗೆ ಡ್ಯುಯಲ್ ಬೂಟ್ ಸರಿ.

ಬಿಡೋಕೆ ಆಗದಿರಲು ನಮ್ಮ ಕಡೆ ಕಾರಣಗಳು ಬೇಕಾದಷ್ಟಿವೆ. ಅಂಗಡಿ ಲೆಕ್ಕ ಟ್ಯಾಲಿಯಲ್ಲಿದೆ. ಹತ್ತು ಹದಿನೈದು ವರ್ಷ ಹಿಂದೆ ನುಡಿ ಅಥವಾ ಬರಹದಲ್ಲಿ ಯುನಿಕೋಡ್ ಅಲ್ಲದ ಫಾಂಟ್ ಬಳಸಿ ಟೈಪ್ ಮಾಡಿದ ಕಡತಗಳಿವೆ. ಪ್ರೆಸ್‌ನವರು ಇನ್ನೂ ಪೇಜ್‌ಮೇಕರ್ ಫೈಲೇ ಕೇಳುತ್ತಾರೆ. ಇವೆಲ್ಲಕ್ಕೂ ವಿಂಡೋಸ್ ಇಟ್ಟುಕೊಂಡಿರುವುದೇ ನೆಮ್ಮದಿ.

ಲಿನಕ್ಸ್‌ನಲ್ಲಿ ಹಲವು ಬಗೆ ಇವೆ. ನಾನು ಇಲ್ಲಿ ಹೇಳುತ್ತಿರುವುದು ಲಿನಕ್ಸ್ ಮಿಂಟ್ 22 ಸರಣಿಯ ಸಿನಮನ್ ಆವೃತ್ತಿ ಹಾಕುವ ಬಗೆ. ಇದು ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಬರುತ್ತದೆ. ಕೆಳಗೆ ಟಾಸ್ಕ್‌ಬಾರ್, ಎಡಮೂಲೆಯಲ್ಲಿ ಮೆನು. ವಿಂಡೋಸ್ ಅಭ್ಯಾಸ ಇರುವವರ ಕೈ ತಡವರಿಸುವುದಿಲ್ಲ. ಇದಕ್ಕೆ 4 ಜಿಬಿ ರ‍್ಯಾಮ್ ಇದ್ದರೆ ನಡೆಯುತ್ತದೆ, 8 ಇದ್ದರೆ ಹಾಯಾಗಿರುತ್ತದೆ. ಡಿಸ್ಕ್‌ನಲ್ಲಿ ಕಡಿಮೆ ಅಂದರೆ 20 ಜಿಬಿ ಬೇಕು, ಆದರೆ 100 ಜಿಬಿ ಕೊಡಿ ಅಂತ ಮಿಂಟ್‌ನವರೇ ಹೇಳುತ್ತಾರೆ.

ವಿಂಡೋಸ್ ಕಡೆಯ ತಯಾರಿ

ಬ್ಯಾಕಪ್ ಮೊದಲು. ಫೋಟೊ, ಅಂಕಪಟ್ಟಿ, ಟ್ಯಾಲಿ ಡೇಟಾ, ಪ್ರಾಜೆಕ್ಟ್ ಫೈಲು, ಕಳೆದುಹೋದರೆ ಅಳು ಬರುವಂಥದ್ದು ಏನಿದ್ದರೂ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹಾಕಿ. ಅದೇ ಲ್ಯಾಪ್‌ಟಾಪಿನ ಡಿ ಡ್ರೈವ್‌ಗೆ ಕಾಪಿ ಮಾಡಿದರೆ ಅದು ಬ್ಯಾಕಪ್ ಅಲ್ಲ. ಡಿಸ್ಕ್ ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಎರಡನೆಯದು ಆ 48 ಅಂಕಿ. ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’ಗೆ ಹೋಗಿ ‘ಡಿವೈಸ್ ಎನ್‌ಕ್ರಿಪ್ಶನ್’ ಇದೆಯಾ ನೋಡಿ. ವಿಂಡೋಸ್ ಪ್ರೊ ಆದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಿಟ್‌ಲಾಕರ್ ಅಂತ ಇರುತ್ತದೆ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಲಾಗಿನ್ ಆದ ಕೂಡಲೇ ಇದು ತಾನಾಗಿಯೇ ಆನ್ ಆಗುತ್ತದೆ. ನಿಮಗೆ ಗೊತ್ತೇ ಆಗಿರುವುದಿಲ್ಲ. ಆನ್ ಇದ್ದರೆ ಮೈಕ್ರೋಸಾಫ್ಟ್ ಅಕೌಂಟಿನ ವೆಬ್‌ಪುಟಕ್ಕೆ ಹೋಗಿ, ಡಿವೈಸ್‌ಗಳ ಪಟ್ಟಿಯಲ್ಲಿ ನಿಮ್ಮ ಲ್ಯಾಪ್‌ಟಾಪ್ ಹುಡುಕಿ, ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಕಾಗದದ ಮೇಲೆ! ಲ್ಯಾಪ್‌ಟಾಪ್ ಒಳಗಿನ ನೋಟ್‌ಪ್ಯಾಡ್‌ನಲ್ಲಿ ಇಟ್ಟರೆ ಬೀಗದ ಕೈಯನ್ನು ಮನೆಯೊಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಕೀ ಕೈಗೆ ಬಂದ ಮೇಲೆ ಎನ್‌ಕ್ರಿಪ್ಶನ್ ಆಫ್ ಮಾಡಬೇಕಾ ಬೇಡವಾ? ಆಫ್ ಮಾಡಿದರೆ ಕೆಲಸ ಸುಲಭ. ಆದರೆ ಲ್ಯಾಪ್‌ಟಾಪ್ ಕಳುವಾದರೆ ಡಿಸ್ಕ್ ಬಿಚ್ಚಿ ಯಾರು ಬೇಕಾದರೂ ಫೈಲ್ ಓದಬಹುದು. ಆನ್ ಇಟ್ಟರೆ, ಲಿನಕ್ಸ್‌ನ ಬೂಟ್ ಮೆನುವಿನಿಂದ ವಿಂಡೋಸ್ ತೆರೆದಾಗ ಆ ನೀಲಿ ಪರದೆ ಮತ್ತೆ ಬರುವ ಸಾಧ್ಯತೆ ಇದೆ. ಮನೆಯಲ್ಲೇ ಇರುವ ಯಂತ್ರವಾದರೆ ನಾನು ಆಫ್ ಮಾಡುತ್ತೇನೆ. ಬಸ್ಸು ರೈಲಿನಲ್ಲಿ ಹೊತ್ತು ತಿರುಗುವುದಾದರೆ ಆನ್ ಇಟ್ಟು, ವಿಂಡೋಸನ್ನು ಲ್ಯಾಪ್‌ಟಾಪಿನದೇ ಬೂಟ್ ಮೆನುವಿನಿಂದ ತೆರೆಯುತ್ತೇನೆ. ಆಫ್ ಮಾಡುವುದಾದರೆ ಡಿಸ್ಕ್ ಪೂರ್ತಿ ಡಿಕ್ರಿಪ್ಟ್ ಆಗುವವರೆಗೆ ಕಾಯಿರಿ. ಡಿಸ್ಕ್ ತುಂಬಿದ್ದರೆ ಒಂದು ಗಂಟೆಗೂ ಜಾಸ್ತಿ ಹಿಡಿಯಬಹುದು.

ಮೂರನೆಯದು ಫಾಸ್ಟ್ ಸ್ಟಾರ್ಟಪ್. ವಿಂಡೋಸ್‌ನಲ್ಲಿ ಶಟ್‌ಡೌನ್ ಒತ್ತಿದರೆ ಅದು ಪೂರ್ತಿ ಮಲಗುವುದಿಲ್ಲ, ಒಂದು ಕಣ್ಣು ತೆರೆದೇ ಇರುತ್ತದೆ. ಬೇಗ ಏಳಬೇಕಲ್ಲ, ಅದಕ್ಕೆ ತನ್ನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟುಕೊಂಡು, ಆ ಡಿಸ್ಕ್ ಇನ್ನೂ ತನ್ನ ಬಳಕೆಯಲ್ಲಿದೆ ಅಂತ ಗುರುತು ಹಾಕಿರುತ್ತದೆ. ಆಮೇಲೆ ಲಿನಕ್ಸ್‌ನಿಂದ ಸಿ ಡ್ರೈವ್ ತೆರೆದರೆ ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಶನ್ಸ್, ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’ ಇಲ್ಲಿಗೆ ಹೋಗಿ. ಅಲ್ಲಿ ಫಾಸ್ಟ್ ಸ್ಟಾರ್ಟಪ್ ಮಸುಕಾಗಿ ಕಾಣುತ್ತದೆ. ಮೇಲಿರುವ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್’ ಒತ್ತಿದರೆ ಟಿಕ್ ತೆಗೆಯಲು ಬರುತ್ತದೆ. ದೊಡ್ಡ ಅಪ್‌ಡೇಟ್ ಆದ ಮೇಲೆ ಇದು ಮತ್ತೆ ಆನ್ ಆಗಿದೆಯಾ ಅಂತ ಒಮ್ಮೆ ಇಣುಕಿ ನೋಡಿ.

ನಾಲ್ಕನೆಯದು ಬರೀ ನೋಡಿಕೊಳ್ಳುವ ಕೆಲಸ. ಸ್ಟಾರ್ಟ್ ಮೆನುವಿನಲ್ಲಿ ‘ಸಿಸ್ಟಮ್ ಇನ್‌ಫರ್ಮೇಶನ್’ ತೆರೆಯಿರಿ. ‘ಬಯೋಸ್ ಮೋಡ್’ ಎದುರಿಗೆ ಯುಇಎಫ್‌ಐ ಅಂತ ಇರಬೇಕು. ವಿಂಡೋಸ್ 11 ಜೊತೆಗೇ ಬಂದ ಲ್ಯಾಪ್‌ಟಾಪಿನಲ್ಲಿ ಹಾಗೇ ಇರುತ್ತದೆ. ‘ಲೆಗಸಿ’ ಅಂತ ಇದ್ದರೆ ಅದು ಹಳೆಯ ಪದ್ಧತಿ. ಈ ಮಾರ್ಗದರ್ಶಿ ಅದಕ್ಕೆ ಹೊಂದುವುದಿಲ್ಲ.

ಸೆಕ್ಯೂರ್ ಬೂಟ್ ತಂಟೆಗೆ ಹೋಗಬೇಡಿ. ಹಳೆಯ ವಿಡಿಯೊಗಳಲ್ಲೆಲ್ಲ ಆಫ್ ಮಾಡಿ ಅಂತಲೇ ಹೇಳುತ್ತಾರೆ. ಮಿಂಟ್‌ಗೆ ಅದು ಬೇಕಾಗಿಲ್ಲ, ಆನ್ ಇದ್ದರೂ ಬೂಟ್ ಆಗುತ್ತದೆ.

ಜಾಗ ಬಿಡಿಸುವುದು

ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ಹಾಗೆ ಇದು. ಕೋಣೆಗಳು ಬೇರೆ ಬೇರೆ, ತಲೆಬಾಗಿಲು ಮಾತ್ರ ಒಂದೇ. ಕೋಣೆ ಬಿಡಿಸುವ ಕೆಲಸವನ್ನು ವಿಂಡೋಸ್‌ನಲ್ಲೇ ಮಾಡಿ, ಲಿನಕ್ಸ್ ಇನ್‌ಸ್ಟಾಲರ್ ಕೈಗೆ ಕೊಡಬೇಡಿ. ತನ್ನ ಸಾಮಾನು ಎಲ್ಲೆಲ್ಲಿದೆ ಅಂತ ವಿಂಡೋಸ್‌ಗೇ ಚೆನ್ನಾಗಿ ಗೊತ್ತು.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. 512 ಜಿಬಿ ಅಂತ ಕೊಂಡ ಡಿಸ್ಕ್ ಅಲ್ಲಿ 476 ಅಂತ ಕಾಣುತ್ತದೆ. ಮೋಸ ಏನಿಲ್ಲ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಶ್ರಿಂಕ್ ವಾಲ್ಯೂಮ್’ ಒತ್ತಿ. ಎಷ್ಟು ಕಡಿಮೆ ಮಾಡಬೇಕು ಅಂತ ಎಂಬಿಯಲ್ಲಿ ಕೇಳುತ್ತದೆ. 100 ಜಿಬಿ ಬೇಕಾದರೆ 102400 ಅಂತ ಟೈಪ್ ಮಾಡಿ ಶ್ರಿಂಕ್ ಒತ್ತಿ.

ಕೆಲವೊಮ್ಮೆ 200 ಜಿಬಿ ಖಾಲಿ ಇದ್ದರೂ 15 ಜಿಬಿ ಮಾತ್ರ ಬಿಡುತ್ತೇನೆ ಅನ್ನುತ್ತದೆ. ಡ್ರೈವ್‌ನ ಮಧ್ಯೆ ಎಲ್ಲೋ ಅಲ್ಲಾಡಿಸಲು ಬರದ ಫೈಲ್ ಕೂತಿದೆ ಅಂತ ಅರ್ಥ. ಪೇಜ್ ಫೈಲ್, ಹೈಬರ್ನೇಶನ್ ಫೈಲ್, ಸಿಸ್ಟಮ್ ರಿಸ್ಟೋರ್‌ನ ನಕಲುಗಳು, ಸಾಮಾನ್ಯವಾಗಿ ಇವೇ. ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಜಾಗ ಬಿಡಿಸಿ, ಆಮೇಲೆ ಪೇಜ್ ಫೈಲ್ ಮತ್ತು ರಿಸ್ಟೋರ್ ಮತ್ತೆ ಆನ್ ಮಾಡಿಕೊಳ್ಳಿ.

ಈಗ ಪಟ್ಟಿಯಲ್ಲಿ ಕಪ್ಪು ತಲೆಯ ಒಂದು ಚೌಕ ಕಾಣುತ್ತದೆ. ‘ಅನ್‌ಅಲೊಕೇಟೆಡ್’ ಅಂತ ಬರೆದಿರುತ್ತದೆ. ಅದನ್ನು ಮುಟ್ಟಬೇಡಿ. ಅಚ್ಚುಕಟ್ಟು ಸ್ವಭಾವದವರಿಗೆ ಅದಕ್ಕೊಂದು ಹೆಸರು ಕೊಟ್ಟು ‘ನ್ಯೂ ಸಿಂಪಲ್ ವಾಲ್ಯೂಮ್’ ಮಾಡುವ ಆಸೆಯಾಗುತ್ತದೆ. ಬೇಡ, ಖಾಲಿ ಇರಲಿ.

ಪೆನ್‌ಡ್ರೈವ್ ಮತ್ತು ಬೂಟ್

8 ಜಿಬಿ ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮಿಂಟ್‌ನ ಅಧಿಕೃತ ತಾಣದಿಂದ ಐಎಸ್‌ಒ ಫೈಲ್ (ಇಡೀ ಮಿಂಟ್ ಅಡಕವಾಗಿರುವ ಕಡತ) ಇಳಿಸಿಕೊಳ್ಳಿ. ಸುಮಾರು 3 ಜಿಬಿ ಇರುತ್ತದೆ. ಡೌನ್‌ಲೋಡ್ ಮಧ್ಯೆ ನೆಟ್ ಕೈಕೊಟ್ಟಿದ್ದರೆ ತಾಣದಲ್ಲಿರುವ ಶಾ256 ಮೊತ್ತದ (ಫೈಲ್ ಕೆಟ್ಟಿಲ್ಲ ಅಂತ ತಿಳಿಸುವ ಗುರುತಿನ ಸಂಖ್ಯೆ) ಜೊತೆ ಹೋಲಿಸಿ ನೋಡುವುದು ಒಳ್ಳೆಯದು. ಆಮೇಲೆ ರೂಫಸ್ ಎಂಬ ಪುಟ್ಟ ತಂತ್ರಾಂಶ ತೆರೆದು, ಪೆನ್‌ಡ್ರೈವ್ ಆರಿಸಿ, ಐಎಸ್‌ಒ ಆರಿಸಿ, ಪಾರ್ಟಿಶನ್ ಸ್ಕೀಮ್ ಜಿಪಿಟಿ ಇಟ್ಟು ಸ್ಟಾರ್ಟ್ ಒತ್ತಿ. ಯಾವ ಮೋಡ್ ಅಂತ ಕೇಳಿದರೆ ಐಎಸ್‌ಒ ಮೋಡ್ ಅನ್ನಿ.

ಇನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಬೇಕು. ಡೆಲ್, ಲೆನೊವೊ, ಏಸರ್‌ಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಆನ್ ಮಾಡಿದ ಕ್ಷಣದಿಂದ ಟಪಟಪ ಒತ್ತುತ್ತಿರಬೇಕು. ಇದಕ್ಕಿಂತ ಸುಲಭದ ದಾರಿ ಒಂದಿದೆ. ವಿಂಡೋಸ್‌ನಲ್ಲೇ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಮೇಲೆ ಕ್ಲಿಕ್ ಮಾಡಿ. ನೀಲಿ ಮೆನು ಬರುತ್ತದೆ. ಅದರಲ್ಲಿ ‘ಯೂಸ್ ಎ ಡಿವೈಸ್’ ಒತ್ತಿ ಪೆನ್‌ಡ್ರೈವ್ ಆರಿಸಿ. ಆ ಆಯ್ಕೆ ಕಾಣದಿದ್ದರೆ ಎಫ್12 ಇದ್ದೇ ಇದೆ.

ಕೆಲವು ಹೊಸ ಯಂತ್ರಗಳು ಸೆಕ್ಯೂರ್ ಬೂಟ್ ಹೆಸರಲ್ಲಿ ಪೆನ್‌ಡ್ರೈವನ್ನೇ ಒಳಗೆ ಬಿಡುವುದಿಲ್ಲ. ಆಗ ಬಯೋಸ್‌ನಲ್ಲಿ ‘ಮೈಕ್ರೋಸಾಫ್ಟ್ ಥರ್ಡ್ ಪಾರ್ಟಿ ಸಿಎ’ ಅನ್ನುವ ಸೆಟ್ಟಿಂಗ್ ಆನ್ ಮಾಡಬೇಕು. ಅದಕ್ಕೂ ಬಿಟ್‌ಲಾಕರ್ ಕೀ ಕೇಳಬಹುದು. ಬರೆದುಕೊಂಡ ಕಾಗದ ಪಕ್ಕದಲ್ಲೇ ಇರಲಿ.

ಮಿಂಟ್ ತೆರೆದುಕೊಳ್ಳುತ್ತದೆ. ಇದು ಪೆನ್‌ಡ್ರೈವ್‌ನಿಂದಲೇ ಓಡುತ್ತಿರುವ ಲೈವ್ ಮಿಂಟ್. ನಿಮ್ಮ ಡಿಸ್ಕ್‌ನಲ್ಲಿ ಇನ್ನೂ ಏನೂ ಬದಲಾಗಿಲ್ಲ. ಹುಡುಗಿ ನೋಡಲು ಹೋದ ಹಾಗೆ, ಇನ್ನೂ ಮಾತು ಕೊಟ್ಟಿಲ್ಲ! ಹತ್ತು ನಿಮಿಷ ಬಿಡುವಾಗಿ ಪರೀಕ್ಷೆ ಮಾಡಿ. ವೈಫೈ ಹಿಡಿಯುತ್ತಾ? ಸ್ಪೀಕರ್, ಕ್ಯಾಮೆರಾ, ಟಚ್‌ಪ್ಯಾಡ್, ಬ್ರೈಟ್‌ನೆಸ್ ಕೀ ಕೆಲಸ ಮಾಡುತ್ತಾ? ವೈಫೈ ಸಿಗದಿದ್ದರೆ ಗಾಬರಿ ಬೇಡ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ನೆಟ್ ಬರುತ್ತದೆ. ವೈಫೈ ಡ್ರೈವರನ್ನು ಆಮೇಲೆ ‘ಡ್ರೈವರ್ ಮ್ಯಾನೇಜರ್’ನಲ್ಲಿ ಹುಡುಕಬಹುದು.

ಇನ್‌ಸ್ಟಾಲ್

ಚಾರ್ಜರ್ ಚುಚ್ಚಿ. ಡೆಸ್ಕ್‌ಟಾಪ್ ಆದರೆ, ಕರೆಂಟ್ ಹೋಗುವ ಹೊತ್ತಲ್ಲದ ಹೊತ್ತು ನೋಡಿಕೊಳ್ಳಿ. ಡೆಸ್ಕ್‌ಟಾಪ್ ಪರದೆಯ ಮೇಲಿರುವ ‘ಇನ್‌ಸ್ಟಾಲ್ ಲಿನಕ್ಸ್ ಮಿಂಟ್’ ತೆರೆಯಿರಿ. ಭಾಷೆ ಇಂಗ್ಲಿಷ್ ಇರಲಿ. ಏನಾದರೂ ದೋಷ ಬಂದರೆ ಆ ಸಾಲನ್ನು ಹಾಗೇ ಹುಡುಕಲು ಅನುಕೂಲ. ಕೀಬೋರ್ಡ್ ಕೇಳಿದಾಗ ಇಂಗ್ಲಿಷ್ ಯುಎಸ್. ಮಲ್ಟಿಮೀಡಿಯಾ ಕೋಡೆಕ್‌ಗೆ (ವಿಡಿಯೊ, ಹಾಡು ಓಡಿಸಲು ಬೇಕಾದ ತಂತ್ರಾಂಶ) ಟಿಕ್ ಹಾಕಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಇಲ್ಲೇ ಒಂದು ಪಾಸ್‌ವರ್ಡ್ ಕೇಳಬಹುದು. ಸುಲಭದ್ದೊಂದು ಕೊಟ್ಟು ನೆನಪಿಟ್ಟುಕೊಳ್ಳಿ, ಒಂದೇ ಸಲ ಬೇಕಾಗುವುದು.

ಮುಂದಿನದು ‘ಇನ್‌ಸ್ಟಲೇಶನ್ ಟೈಪ್’. ಇಡೀ ಕೆಲಸದಲ್ಲಿ ಉಸಿರು ಬಿಗಿ ಹಿಡಿದು ಓದಬೇಕಾದ ಪುಟ ಇದೊಂದೇ. ‘ಅಲಾಂಗ್‌ಸೈಡ್ ವಿಂಡೋಸ್ ಬೂಟ್ ಮ್ಯಾನೇಜರ್’ ಅಂತ ಇರುವುದು ಪಕ್ಕದಲ್ಲಿ ಕೂರಿಸುವ ಆಯ್ಕೆ. ‘ಇರೇಸ್ ಡಿಸ್ಕ್’ ಅಂತ ಇರುವುದು ಎಲ್ಲವನ್ನೂ ಗುಡಿಸಿ ಹಾಕುವ ಆಯ್ಕೆ. ಎರಡನೆಯದರ ಹತ್ತಿರ ಮೌಸ್ ಕೂಡ ಹೋಗಬಾರದು. ನಾನು ಯಾವಾಗಲೂ ಮೂರನೆಯದಾದ ‘ಸಮ್‌ಥಿಂಗ್ ಎಲ್ಸ್’ ಆರಿಸುತ್ತೇನೆ, ಏನಾಗುತ್ತಿದೆ ಅಂತ ಕಣ್ಣಿಗೆ ಕಾಣಲಿ ಅಂತ.

ಆಗ ಪಾರ್ಟಿಶನ್‌ಗಳ (ಡಿಸ್ಕ್‌ನ ಪಾಲುಗಳ) ಪಟ್ಟಿ ಬರುತ್ತದೆ. ನೂರೋ ಇನ್ನೂರೋ ಎಂಬಿಯ ಒಂದು ಸಣ್ಣ ಸಾಲು ‘ಇಎಫ್‌ಐ’ ಅಂತ ಇರುತ್ತದೆ. ಅದೇ ತಲೆಬಾಗಿಲು. ಆನ್ ಮಾಡಿದ ಕೂಡಲೇ ಕಂಪ್ಯೂಟರ್ ಮೊದಲು ಬರುವುದು ಅಲ್ಲಿಗೆ. ವಿಂಡೋಸ್‌ನ ಬೂಟ್ ಫೈಲುಗಳು ಅದರಲ್ಲಿವೆ, ಮಿಂಟ್‌ನದೂ ಅಲ್ಲೇ ಹೋಗಿ ಕೂರುತ್ತದೆ. ಅದರ ಎದುರಿನ ‘ಫಾರ್ಮ್ಯಾಟ್’ ಚೌಕದಲ್ಲಿ ಟಿಕ್ ಇರಬಾರದು. ಒಮ್ಮೆ ನನ್ನದೇ ಡೆಸ್ಕ್‌ಟಾಪಿನಲ್ಲಿ ಹೊಸದಾಗಿರಲಿ ಅಂತ ಅದನ್ನು ಫಾರ್ಮ್ಯಾಟ್ ಮಾಡಿದ್ದೆ. ವಿಂಡೋಸ್ ಡಿಸ್ಕ್‌ನಲ್ಲಿ ಇತ್ತು, ಆದರೆ ಒಳಗೆ ಹೋಗಲು ಬಾಗಿಲೇ ಇರಲಿಲ್ಲ. ಅದನ್ನು ಸರಿಮಾಡಲು ಒಂದು ಭಾನುವಾರ ಹೋಯಿತು.

ಕೆಳಗೆ ‘ಫ್ರೀ ಸ್ಪೇಸ್’ ಅಂತ ಒಂದು ಲಕ್ಷದ ಆಸುಪಾಸಿನ ಎಂಬಿ ಇರುವ ಸಾಲು ನೀವು ಬಿಡಿಸಿಟ್ಟ ಕೋಣೆ. ಅದನ್ನು ಆರಿಸಿ ಪ್ಲಸ್ ಗುರುತು ಒತ್ತಿ. ಪೂರ್ತಿ ಅಳತೆ ಹಾಗೇ ಇರಲಿ. ‘ಯೂಸ್ ಆ್ಯಸ್’ ಎದುರಿಗೆ ಎಕ್ಸ್ಟ್4 (Ext4). ‘ಮೌಂಟ್ ಪಾಯಿಂಟ್’ ಎದುರಿಗೆ ಒಂದೇ ಒಂದು ಓರೆಗೆರೆ, ಅಂದರೆ ‘/’. ಸ್ವಾಪ್‌ಗೆ (ರ‍್ಯಾಮ್ ಸಾಲದಾಗ ಬಳಸುವ ಜಾಗ) ಬೇರೆ ಪಾರ್ಟಿಶನ್ ಬೇಡ, ಮಿಂಟ್ ತಾನೇ ಒಂದು ಸ್ವಾಪ್ ಫೈಲ್ ಮಾಡಿಕೊಳ್ಳುತ್ತದೆ. ಹೋಮ್ (ನಿಮ್ಮ ಸ್ವಂತ ಫೈಲುಗಳಿರುವ ಜಾಗ) ಬೇರೆ ಇರಬೇಕು ಅಂತ ಕೆಲವರು ವಾದಿಸುತ್ತಾರೆ. ಮೊದಲ ಸಲಕ್ಕೆ ಆ ರಗಳೆ ಬೇಡ ಅಂತ ನನ್ನ ಅಭಿಪ್ರಾಯ.

ಪಟ್ಟಿಯಲ್ಲಿ ಡಿಸ್ಕೇ ಕಾಣದಿದ್ದರೆ? ಬಯೋಸ್‌ನಲ್ಲಿ ಡಿಸ್ಕ್ ಕಂಟ್ರೋಲರ್ ಸಾಮಾನ್ಯವಾಗಿ ಇಂಟೆಲ್ ಆರ್‌ಎಸ್‌ಟಿ ಅಥವಾ ರೇಡ್ ಮೋಡ್‌ನಲ್ಲಿದೆ. ಅದನ್ನು ಎಎಚ್‌ಸಿಐಗೆ ಬದಲಿಸಬೇಕು, ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ಬೂಟ್ ಆಗದೆ ಮೊಂಡು ಹಿಡಿಯುತ್ತದೆ. ಮೊದಲು ವಿಂಡೋಸ್‌ನಲ್ಲಿ ‘ಸಿಸ್ಟಮ್ ಕಾನ್ಫಿಗರೇಶನ್’ ತೆರೆದು ‘ಸೇಫ್ ಬೂಟ್’ಗೆ ಟಿಕ್ ಹಾಕಿ. ರೀಸ್ಟಾರ್ಟ್ ಮಾಡಿ ನೇರ ಬಯೋಸ್‌ಗೆ ಹೋಗಿ ಬದಲಿಸಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಏಳುತ್ತದೆ, ಆಗ ಹೊಸ ಡ್ರೈವರ್ ಕೂರುತ್ತದೆ. ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿ. ಬಿಟ್‌ಲಾಕರ್ ಆನ್ ಇದ್ದರೆ ಇಲ್ಲೂ ಅದೇ ಕಾಗದ ಬೇಕಾಗುತ್ತದೆ.

‘ಇನ್‌ಸ್ಟಾಲ್ ನೌ’ ಒತ್ತಿದಾಗ ಏನೇನು ಫಾರ್ಮ್ಯಾಟ್ ಆಗಲಿದೆ ಅಂತ ಒಂದು ಚೀಟಿ ತೋರಿಸುತ್ತದೆ. ಅದರಲ್ಲಿ ಎಕ್ಸ್ಟ್4 ಒಂದೇ ಇರಬೇಕು. ಇನ್ನೇನಾದರೂ ಕಂಡರೆ ‘ಗೋ ಬ್ಯಾಕ್’. ಸರಿ ಇದ್ದರೆ ಮುಂದುವರಿಯಿರಿ. ಟೈಮ್‌ಝೋನ್ ಕೋಲ್ಕತ್ತಾ, ನಿಮ್ಮ ಹೆಸರು, ಪಾಸ್‌ವರ್ಡ್. ಇನ್ನು ಕಾಫಿ ಕುಡಿದು ಬರಬಹುದು.

ಮೊದಲ ಸಲ ಆನ್ ಮಾಡಿದಾಗ

ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್. ಕೋಡೆಕ್ ಹೊತ್ತಿಗೆ ಪಾಸ್‌ವರ್ಡ್ ಕೊಟ್ಟಿದ್ದರೆ ಈಗ ‘ಪರ್ಫಾರ್ಮ್ ಎಂಒಕೆ ಮ್ಯಾನೇಜ್‌ಮೆಂಟ್’ ಅಂತ ನೀಲಿ ಪರದೆ ಬರುತ್ತದೆ. ಇದು ಬಿಟ್‌ಲಾಕರ್ ಅಲ್ಲ, ಹೆದರಬೇಡಿ. ಆದರೆ ಸುಮಾರು ಹತ್ತು ಸೆಕೆಂಡ್ ಮಾತ್ರ ಕಾಯುತ್ತದೆ. ಯಾವುದಾದರೂ ಕೀ ಒತ್ತಿ, ‘ಎನ್ರೋಲ್ ಎಂಒಕೆ’, ‘ಕಂಟಿನ್ಯೂ’, ‘ಯೆಸ್’, ಆ ಪಾಸ್‌ವರ್ಡ್, ರೀಬೂಟ್.

ಆಮೇಲೆ ಯಾವುದನ್ನು ತೆರೆಯಬೇಕು ಅಂತ ಕೇಳುವ ಗ್ರಬ್ ಮೆನು ಬರುತ್ತದೆ. ಮೇಲೆ ಲಿನಕ್ಸ್ ಮಿಂಟ್, ಕೆಳಗೆ ವಿಂಡೋಸ್ ಬೂಟ್ ಮ್ಯಾನೇಜರ್. ಬಾಣದ ಕೀಲಿ ಒತ್ತಿ ಯಾವುದು ಬೇಕೋ ಅದಕ್ಕೆ ಹೋಗಿ. ಮೆನುವೇ ಬರದೆ ನೇರ ವಿಂಡೋಸ್ ತೆರೆದುಕೊಂಡರೆ ಬಯೋಸ್‌ನ ಬೂಟ್ ಆರ್ಡರ್‌ನಲ್ಲಿ ‘ಉಬುಂಟು’ವನ್ನು ಮೇಲಕ್ಕೆ ತನ್ನಿ. ನಾನು ಹಾಕಿದ್ದು ಮಿಂಟ್ ಅಲ್ವಾ, ಉಬುಂಟು ಎಲ್ಲಿಂದ ಬಂತು ಅಂತ ಎಷ್ಟೋ ಜನ ತಲೆ ಕೆರೆದುಕೊಂಡಿದ್ದಾರೆ. ತಲೆಬಾಗಿಲಲ್ಲಿ ಮಿಂಟ್ ತಾಯಿಮನೆಯ ಹೆಸರಿನಲ್ಲೇ ಬೋರ್ಡ್ ಹಾಕಿಕೊಂಡಿರುತ್ತದೆ, ಅಷ್ಟೇ.

ಎರಡೂ ಒಮ್ಮೆ ತೆರೆದು ನೋಡಿ. ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದಾಗ ಬೆಳಿಗ್ಗೆ ಹತ್ತು ಗಂಟೆಯಲ್ಲಿ ಗಡಿಯಾರ 4:30 ತೋರಿಸಬಹುದು. ಬ್ಯಾಟರಿ ಹೋಗಿಲ್ಲ. ಲಿನಕ್ಸ್ ಒಳಗಿನ ಗಡಿಯಾರವನ್ನು ಯುಟಿಸಿಗೆ (ಜಾಗತಿಕ ಪ್ರಮಾಣ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮೂರ ಸಮಯ ಅಂದುಕೊಳ್ಳುತ್ತದೆ. ಭಾರತದ ಸಮಯ ಐದೂವರೆ ಗಂಟೆ ಮುಂದೆ. ವ್ಯತ್ಯಾಸವೂ ಸರಿಯಾಗಿ ಅಷ್ಟೇ. ಮಿಂಟ್‌ನ ಟರ್ಮಿನಲ್‌ನಲ್ಲಿ timedatectl set-local-rtc 1 ಅನ್ನುವ ಕಮಾಂಡ್ ಕೊಟ್ಟರೆ ಎರಡೂ ಒಂದೇ ದಾರಿಗೆ ಬರುತ್ತವೆ.

ಕನ್ನಡ ಟೈಪಿಂಗ್‌ಗೆ ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್ಸ್‌ನಲ್ಲಿ ಪ್ಲಸ್ ಒತ್ತಿ ‘ಕನ್ನಡ ಕಗಪ ಫೊನೆಟಿಕ್’ ಸೇರಿಸಿ. ನುಡಿಯ ಕೀ ವಿನ್ಯಾಸ ಗೊತ್ತಿದ್ದವರಿಗೆ ಬೇಗ ಕೈಗೆ ಹತ್ತುತ್ತದೆ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಗುಬ್ಬಿ, ನವಿಲು ಎಂಬ ಚೆಂದದ ಕನ್ನಡ ಫಾಂಟ್‌ಗಳೂ ಸಿಗುತ್ತವೆ. ಆಮೇಲೆ ಅಪ್‌ಡೇಟ್ ಮ್ಯಾನೇಜರ್ ಓಡಿಸಿ, ಟೈಮ್‌ಶಿಫ್ಟ್ ತೆರೆದು ಒಂದು ಸ್ನ್ಯಾಪ್‌ಶಾಟ್ (ಮಿಂಟ್ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಒಂದು ನಕಲು) ತೆಗೆದಿಡಿ.

ವಿಂಡೋಸ್‌ನ ಫೈಲುಗಳು ಮಿಂಟ್‌ಗೆ ಕಾಣುತ್ತವೆ, ಮಿಂಟ್‌ನವು ವಿಂಡೋಸ್‌ಗೆ ಕಾಣುವುದಿಲ್ಲ. ಎರಡೂ ಕಡೆ ಬೇಕಾದ್ದನ್ನು ವಿಂಡೋಸ್‌ನ ಡ್ರೈವ್‌ನಲ್ಲೇ ಇಡಿ.

ವಿಂಡೋಸ್ ಅಪ್‌ಡೇಟ್ ಕೆಲವೊಮ್ಮೆ ಬೂಟ್ ಆರ್ಡರ್ ಬದಲಿಸುತ್ತದೆ. ಆಗ ಮತ್ತೆ ಉಬುಂಟುವನ್ನು ಮೇಲೆ ತಂದರಾಯಿತು. 2024ರ ಆಗಸ್ಟ್‌ನಲ್ಲಿ ಬಂದ ಒಂದು ಸೆಕ್ಯುರಿಟಿ ಅಪ್‌ಡೇಟ್ ಮಾತ್ರ ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿತ್ತು. ಹಳೆಯ ಬೂಟ್ ಫೈಲ್ ಇದ್ದ ಎಷ್ಟೋ ಲಿನಕ್ಸ್‌ಗಳು ಸೆಕ್ಯೂರ್ ಬೂಟ್‌ನಲ್ಲಿ ಏಳಲೇ ಇಲ್ಲ. ಮಿಂಟ್ ಕಡೆ ಅಪ್‌ಡೇಟ್ ಮಾಡುತ್ತಲೇ ಇರಿ ಅಂತ ನಾನು ಹೇಳುವುದು ಅದಕ್ಕೇ.

ಲಿನಕ್ಸ್ ತೆಗೆಯಬೇಕು ಅನ್ನಿಸಿದರೆ

ಕ್ರಮ ತಪ್ಪಬಾರದು. ಮೊದಲು ಬಯೋಸ್‌ಗೆ ಹೋಗಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಅನ್ನು ಮೇಲಕ್ಕೆ ತನ್ನಿ. ವಿಂಡೋಸ್ ನೇರವಾಗಿ ತೆರೆಯುತ್ತಿದೆ ಅಂತ ಖಾತ್ರಿಯಾದ ಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹೆಸರು, ಅಕ್ಷರ ಏನೂ ಇಲ್ಲದ ಆ 100 ಜಿಬಿ ಪಾರ್ಟಿಶನ್ ಡಿಲೀಟ್ ಮಾಡಿ. ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಎಕ್ಸ್‌ಟೆಂಡ್ ವಾಲ್ಯೂಮ್’ ಒತ್ತಿದರೆ ಜಾಗ ವಾಪಸ್. ಅವಸರದಲ್ಲಿ ಮೊದಲೇ ಡಿಲೀಟ್ ಮಾಡಿಬಿಟ್ಟು, ರೀಸ್ಟಾರ್ಟ್ ಆದಾಗ ಕಪ್ಪು ಪರದೆಯಲ್ಲಿ ‘ಗ್ರಬ್’ ಅಂತ ಬಂದು ನಿಂತರೆ, ಆಫ್ ಮಾಡಿ, ಎಫ್12 ಒತ್ತಿ, ಪಟ್ಟಿಯಿಂದ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ. ಅದು ತಲೆಬಾಗಿಲಲ್ಲಿ ಇನ್ನೂ ಹಾಗೇ ಇರುತ್ತದೆ.